ರೋಗಿಗೆ ಕಾಣದ ಜಾಗ

ಹಟ್ಟಿಯಂಗಡಿಯವರಿಗೆ ಜ್ವರ ನೆಗಡಿಯ ಡಾಕ್ಟರು ಹತ್ತಿರ, ಸ್ಪೆಷಲಿಸ್ಟು ದೂರ. ತಲ್ಲೂರಿಗೆ ಬಂದು ಬಸ್ಸು ಹಿಡಿದು ಕುಂದಾಪುರ. ಅಲ್ಲೂ ಆಗದಿದ್ದರೆ ಇನ್ನು ಸುಮಾರು 40 ಕಿಲೋಮೀಟರ್ ದಾಟಿ ಮಣಿಪಾಲ. ಅಷ್ಟು ದೂರ ಹೋದವನಿಗೆ ಇನ್ನೊಬ್ಬರಲ್ಲಿ ಕೇಳಿ ನೋಡುವ ಶಕ್ತಿ ಉಳಿದಿರುವುದಿಲ್ಲ. ಎದುರು ಸಿಕ್ಕ ತಜ್ಞನ ಮಾತೇ ಅವನಿಗೆ ಕೊನೆಯ ಮಾತು. ತಜ್ಞ ಇದನ್ನು ತಿಳಿದುಕೊಂಡೇ ಮಾತಾಡಬೇಕು.

*

ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ನೋಡುವ ಊರು ನಮ್ಮದು. ಬೇರು ಚಿಕಿತ್ಸೆ ಮಾಡಿಸಿಕೊಂಡ ಹಲ್ಲನ್ನು ಹಾಗೆ ಎತ್ತಿ ನೋಡಲು ಬರುವುದಿಲ್ಲ.

*

ದವಡೆಯ ಹಿಂಬದಿ, ಅರಿವಳಿಕೆಯ ಹೊತ್ತು, ಲ್ಯಾಬಿನ ಒಳಕೋಣೆ, ಬಿಲ್ಲಿನ ಗೂಢಾಕ್ಷರ. ರೋಗಿಯ ಕಣ್ಣು ಹೋಗದ ಈ ಜಾಗಗಳಲ್ಲೇ ವೈದ್ಯನ ನಿಜವಾದ ಯೋಗ್ಯತೆ ವಾಸವಾಗಿರುತ್ತದೆ.

*

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಾವಳಿಯನ್ನು ಓದಿದರೆ ಆಶ್ಚರ್ಯವಾಗುತ್ತದೆ. ದೊಡ್ಡ ಆದರ್ಶಗಳಿಗಿಂತ ಸಣ್ಣ ಸಂಗತಿಗಳೇ ಅದರಲ್ಲಿ ಹೆಚ್ಚು: ಬೋರ್ಡು ಎಷ್ಟು ದೊಡ್ಡದಿರಬೇಕು, ಫೀಸು ಯಾವಾಗ ಹೇಳಬೇಕು, ಚೀಟಿಯಲ್ಲಿ ಏನು ಬರೆಯಬೇಕು. ಬರೆದವರಿಗೆ ಗೊತ್ತಿತ್ತು, ಮನುಷ್ಯ ಜಾರುವುದು ಹೊಸ್ತಿಲಲ್ಲೇ ಎಂದು.

*

ಆ ನಿಯಮಗಳ ಪ್ರಕಾರ ವೈದ್ಯನ ಬೋರ್ಡು ಅತಿ ದೊಡ್ಡದಿರಬಾರದು. ಹೆಸರು, ಪದವಿ, ವಿಶೇಷ ವಿಭಾಗ, ನೋಂದಣಿ ಸಂಖ್ಯೆ ಇಷ್ಟಿದ್ದರೆ ಸಾಕು. ತಾನು ಕೂರದ ಜಾಗದಲ್ಲಾಗಲಿ, ಮೆಡಿಕಲ್ ಶಾಪಿನ ಮೇಲಾಗಲಿ ಅದನ್ನು ತೂಗುಹಾಕುವುದು ಸರಿಯಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಮ್ಮೆ ಹೋಗಿ ಬಂದವರು ಈ ನಿಯಮವನ್ನು ಎಷ್ಟು ಜನ ಓದಿದ್ದಾರೆಂದು ತಾವೇ ಅಂದಾಜು ಮಾಡಿಕೊಳ್ಳಬಹುದು.

*

ಒಂದು ವಿಭಾಗದಲ್ಲಿ ವಿಶೇಷ ಪದವಿ ಇಲ್ಲದವನು ಆ ವಿಭಾಗದ ತಜ್ಞನೆಂದು ಹೇಳಿಕೊಳ್ಳಕೂಡದು. ಇದೂ ಬರೆದಿಟ್ಟ ನಿಯಮವೇ. ನಾಲ್ಕು ದಿನದ ಕಾರ್ಯಾಗಾರದ ಪ್ರಮಾಣಪತ್ರ ಗೋಡೆಗೆ ಅಂದ ಕೊಡುತ್ತದೆ. ಮೂರು ವರ್ಷ ರಾತ್ರಿಯ ಡ್ಯೂಟಿ ಮಾಡಿ ಕಲಿತ ಕೈಯನ್ನು ಕೊಡುವುದಿಲ್ಲ.

*

ಎಂ.ಡಿ., ಎಂ.ಎಸ್., ಎಂ.ಡಿ.ಎಸ್. ಎಲ್ಲವೂ ತಲಾ ಮೂರು ವರ್ಷ. ಅದರಲ್ಲಿ ಕಲಿಯಬೇಕಾದ ಕೊನೆಯ ಪಾಠ: ಎಲ್ಲಿಗೆ ನನ್ನ ವಿಷಯ ಮುಗಿಯುತ್ತದೆ?

*

‘ಗುರುವಾರ ಮಧ್ಯಾಹ್ನ ಮೂರು ಗಂಟೆಗೆ’ ಎಂದು ಬರೆಸಿದ ತಜ್ಞರು ಐದಕ್ಕೆ ಬರುತ್ತಾರೆ. ಬೆಂಚಿನ ಮೇಲೆ ಕಾದು ಕೂತವರಲ್ಲಿ ಒಬ್ಬರು ಆ ದಿನದ ಕೂಲಿ ಬಿಟ್ಟು ಬಂದಿದ್ದಾರೆ, ಇನ್ನೊಬ್ಬರಿಗೆ ಊರಿನ ಕೊನೆಯ ಬಸ್ಸಿನ ಚಿಂತೆ, ಮತ್ತೊಬ್ಬರು ರಕ್ತ ಪರೀಕ್ಷೆಗೆಂದು ಬೆಳಗ್ಗಿನಿಂದ ಏನೂ ತಿಂದಿಲ್ಲ. ಸಲಹೆಗೆ ಬರುವ ವೈದ್ಯ ಹೇಳಿದ ಹೊತ್ತಿಗೆ ಬರಬೇಕೆಂಬುದು ಸಭ್ಯತೆಯ ಮಾತು ಮಾತ್ರವಲ್ಲ, ನಿಯಮಾವಳಿಯಲ್ಲಿ ಅಚ್ಚಾದ ಮಾತು.

*

‘ಎದಿ ಹಿಡ್ದಾಂಗೆ ಆತ್ತ್, ಕೈಕಾಲ್ ಸೋತಾಂಗೆ ಆತ್ತ್’ ಎನ್ನುವ ಅಜ್ಜಿಯ ಎದುರು ದೂರದ ರಾಜ್ಯದಿಂದ ಓದಲು ಬಂದ ಯುವ ವೈದ್ಯ ಕೂತಿರುತ್ತಾನೆ. ಆ ಎರಡು ವಾಕ್ಯ ಅವನಿಗೆ ಅರ್ಥವಾದರೆ ಇ.ಸಿ.ಜಿ. ಬೇಗ ಆಗುತ್ತದೆ; ಆಗದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ಬೇಗ ಸಿಗುತ್ತದೆ. ರೋಗಿಯ ಭಾಷೆಯನ್ನು ಕಲಿಯುವುದು ಈ ಸೀಮೆಯಲ್ಲಿ ಔದಾರ್ಯವಲ್ಲ, ಚಿಕಿತ್ಸೆಯ ಮೊದಲ ಭಾಗ.

*

ಕೇಳದೆ ಬರೆದ ಪರೀಕ್ಷೆಗಳು, ಕೇಳಿದ್ದರೆ ಬೇಕಾಗುತ್ತಿರಲಿಲ್ಲ.

*

ರೋಗದ ತೀವ್ರತೆಯನ್ನು ವೈದ್ಯ ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು. ಹಿಗ್ಗಿಸಿದರೆ ಆಪರೇಶನ್ನಿಗೆ ಒಪ್ಪಿಗೆ ಬೇಗ ಸಿಗುತ್ತದೆ, ಕುಗ್ಗಿಸಿದರೆ ಒಳ್ಳೆಯ ಡಾಕ್ಟ್ರೆಂಬ ಹೆಸರು ಬೇಗ ಸಿಗುತ್ತದೆ. ಎರಡರಲ್ಲೂ ಲಾಭ ವೈದ್ಯನಿಗೇ ಎಂಬುದನ್ನು ಗಮನಿಸಬೇಕು.

*

‘ಡಾಕ್ಟ್ರೆ, ನಂಗೆಂತ ಗೊತ್ತಾತ್ತ್, ನೀವ್ ಹೇಳ್ದಾಂಗೆ.’ ಇದನ್ನು ಒಪ್ಪಿಗೆ ಎಂದುಕೊಳ್ಳುವವನು ಅವಸರದವನು. ಇದು ಶರಣಾಗತಿ. ಶರಣು ಬಂದವನಿಗೆ ಇನ್ನೂ ನಿಧಾನವಾಗಿ, ಇನ್ನೊಮ್ಮೆ ವಿವರಿಸಬೇಕಾಗುತ್ತದೆ.

*

2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇತ್ಯರ್ಥವಾದ ಒಂದು ಪ್ರಕರಣ. ಹೊಟ್ಟೆಯೊಳಗೆ ಏನಿದೆಯೆಂದು ಉಪಕರಣ ಹಾಕಿ ನೋಡಲು ಮಾತ್ರ ಒಪ್ಪಿದ್ದ ಮಹಿಳೆ. ಆಕೆ ಅರಿವಳಿಕೆಯಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯ ಸಹಿ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ವಯಸ್ಸಿಗೆ ಬಂದ, ತಿಳಿವುಳ್ಳ ವ್ಯಕ್ತಿಯ ಬದಲಿಗೆ ಹೆತ್ತ ತಾಯಿಯೂ ಒಪ್ಪಿಗೆ ಕೊಡಲಾರಳು, ಜೀವಕ್ಕೆ ತುರ್ತು ಇಲ್ಲದಿದ್ದಾಗ ರೋಗಿಗೆ ಎಚ್ಚರವಾಗುವವರೆಗೆ ಕಾಯಬೇಕು ಎಂದಿತು ಕೋರ್ಟು. ನಮ್ಮಲ್ಲಿ ಸೊಸೆಯ ಆಪರೇಶನ್ನಿಗೆ ಅತ್ತೆ ತಲೆಯಾಡಿಸುವುದು, ಅಪ್ಪಯ್ಯನ ಆಪರೇಶನ್ನಿಗೆ ದುಬೈಯಲ್ಲಿರುವ ಮಗ ಫೋನಿನಲ್ಲಿ ತೀರ್ಮಾನ ಹೇಳುವುದು ಈಗಲೂ ರೂಢಿ. ಮಂಚದ ಮೇಲಿರುವವರನ್ನು ಕೇಳುವ ವೈದ್ಯನನ್ನು ಮನೆಯವರು ಅಧಿಕಪ್ರಸಂಗಿ ಎನ್ನಬಹುದು. ಅನ್ನಲಿ.

*

ಹಲ್ಲಿನ ಕುರ್ಚಿಯಲ್ಲಿ ಕೂತವನಿಗೆ ಬಾಯಿ ತೆರೆದಿದೆ, ಮಾತು ನಿಂತಿದೆ. ಆದ್ದರಿಂದ ಅವನ ಒಪ್ಪಿಗೆಯನ್ನು ಬಾಯಿ ತೆರೆಸುವ ಮೊದಲೇ ಪಡೆಯಬೇಕು. ನಡುವೆ ಯೋಜನೆ ಬದಲಾದರೆ ಉಪಕರಣ ತೆಗೆದು, ಕುರ್ಚಿ ಎತ್ತಿ, ಬಾಯಿ ಮುಕ್ಕಳಿಸಲು ಬಿಟ್ಟು ಮತ್ತೆ ಕೇಳಬೇಕು.

*

ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಉಜ್ಜಿ ತೆಗೆದ ದಂತಕವಚ ಮಾತ್ರ ಮತ್ತೆ ಬೆಳೆಯುವುದಿಲ್ಲ. ಕ್ಯಾಪ್ ಬೇಕಿಲ್ಲದ ಹಲ್ಲನ್ನು ಕ್ಯಾಪಿಗಾಗಿ ಅರೆದವನು ಮಾಡಿದ್ದನ್ನು ಯಾವ ಪರಿಹಾರದ ಹಣವೂ ತುಂಬಿಕೊಡುವುದಿಲ್ಲ.

*

ಹಟ್ಟಿಯಂಗಡಿಯ ಸಿದ್ಧಿವಿನಾಯಕನಿಗೆ ಕೈಮುಗಿದು ಹಲ್ಲು ಕೀಳಿಸಲು ಹೊರಟವರನ್ನು ಕಂಡರೆ ನಗು ಬರುತ್ತದೆ. ಏಕದಂತನೇ ಒಂದು ಹಲ್ಲಿನಲ್ಲಿ ಲೋಕ ನಡೆಸುತ್ತಿದ್ದಾನೆ. ಹಾಗೆಂದು ಉಳಿಸಬಹುದಾದ ಹಲ್ಲನ್ನು ಕೀಳಲು ಅದು ಯಾರಿಗೂ ಅನುಮತಿಯಲ್ಲ.

*

ಹರಕೆ ಹೊತ್ತು, ಪ್ರಸಾದವನ್ನು ಕಿಸೆಯಲ್ಲಿಟ್ಟುಕೊಂಡು ಥಿಯೇಟರಿಗೆ ಬರುವ ರೋಗಿಯ ಮೇಲೆ ವೈದ್ಯ ಮುನಿಯಬೇಕಾಗಿಲ್ಲ. ಹರಕೆಯಿಂದಾಗಿ ಮಾತ್ರೆ ಬಿಟ್ಟಿದ್ದಾನೆಯೇ ಎಂದು ಕೇಳಿದರೆ ಸಾಕು.

*

ಕರಾವಳಿಯ ಹಲ್ಲಿನ ವೈದ್ಯನ ಮನೆಯಲ್ಲೂ ಅಡಿಕೆ ತೋಟ ಇರಬಹುದು. ಅವನ ಓದಿನ ಖರ್ಚು ಆ ತೋಟದಿಂದಲೇ ಬಂದಿರಬಹುದು. ಆದರೂ ಅವನು ಹೇಳಲೇಬೇಕಾದ ಮಾತೊಂದಿದೆ. ಹೊಗೆಸೊಪ್ಪು ಸೇರದ ಎಲೆಯಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಬಾಯಿ ದಿನದಿಂದ ದಿನಕ್ಕೆ ಕಡಿಮೆ ತೆರೆಯುತ್ತಿದೆ, ಖಾರ ಮುಟ್ಟಿದರೆ ಉರಿಯುತ್ತದೆ ಎಂದು ಬಂದವನಿಗೆ ಬರೀ ಹಲ್ಲು ಕ್ಲೀನ್ ಮಾಡಿ ಕಳಿಸುವುದು ಅರ್ಧ ಕೆಲಸ. ನಮ್ಮ ಅನ್ನ ಎಲ್ಲಿಂದ ಬಂತೋ ಅದರ ವಿರುದ್ಧ ಹೇಳಬೇಕಾದ ಸತ್ಯವೇ ವೃತ್ತಿನಿಷ್ಠೆಯ ಕಠಿಣ ಪರೀಕ್ಷೆ.

*

ಫೀಸು ಎಷ್ಟೆಂದು ಚಿಕಿತ್ಸೆಗೆ ಮೊದಲೇ ಹೇಳಬೇಕು; ಆಪರೇಶನ್ನು ನಡೆಯುತ್ತಿರುವಾಗ ಹೇಳುವುದು ನಿಯಮಕ್ಕೆ ವಿರುದ್ಧ. ಹೊಟ್ಟೆ ಕೊಯ್ದಿಟ್ಟ ಮೇಲೆ ಯಾರೂ ಚೌಕಾಸಿ ಮಾಡಲಾರರು.

*

‘ಗುಣವಾದರೆ ಮಾತ್ರ ದುಡ್ಡು’ ಎಂಬ ಕರಾರೂ ನಿಷಿದ್ಧ. ಕೇಳಲು ಹಿತ, ಒಳಗೆ ಮೋಸ. ವೈದ್ಯ ಮಾರುವುದು ಶ್ರಮ ಮತ್ತು ತಿಳಿವಳಿಕೆಯನ್ನು. ಫಲ ಅವನ ಅಂಗಡಿಯ ಮಾಲಲ್ಲ.

*

‘ಮಣಿಪಾಲಕ್ಕೆ ಬರ್ದ್ ಕೊಟ್ರ್’ ಎನ್ನುತ್ತಾರೆ ನಮ್ಮ ಕಡೆ. ಬರೆದುಕೊಟ್ಟಿದ್ದು ಏನು ಎಂದು ಚೀಟಿ ಬಿಡಿಸಿ ನೋಡಿದರೆ ಕೆಲವೊಮ್ಮೆ ಒಂದೇ ಸಾಲು. ನಿಯಮ ಕೇಳುವುದು ಹೆಚ್ಚು: ಕಳಿಸುವ ವೈದ್ಯ ರೋಗಿಯ ಸಂಕ್ಷಿಪ್ತ ವಿವರ ಕೊಡಬೇಕು, ತಜ್ಞ ತನ್ನ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಆ ವೈದ್ಯನಿಗೆ ತಿಳಿಸಬೇಕು. ಹೋಗುವ ಚೀಟಿ ಹೇಗೋ ಹೋಗುತ್ತದೆ. ಮರಳಿ ಬರಬೇಕಾದ ಚೀಟಿ ಬರುವುದೇ ಅಪರೂಪ. ಮುಂದಿನ ಐದು ವರ್ಷ ಆ ರೋಗಿಯನ್ನು ನೋಡಿಕೊಳ್ಳಬೇಕಾದ ಊರಿನ ಡಾಕ್ಟರು ಕತ್ತಲಲ್ಲಿ ಉಳಿಯುತ್ತಾರೆ.

*

ಹೃದಯದ ರೋಗಿಯ ಹಲ್ಲು ಕೀಳುವಾಗ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕೇ ಬೇಡವೇ ಎಂಬುದನ್ನು ಇಬ್ಬರು ವೈದ್ಯರು ಮಾತಾಡಿಕೊಂಡು ತೀರ್ಮಾನಿಸಬೇಕು. ‘ಅವ್ರತ್ರ ಕೇಂಡ್ಕಂಡ್ ಬನ್ನಿ’ ಎಂದು ರೋಗಿಯನ್ನೇ ಅಂಚೆಯವನನ್ನಾಗಿ ಮಾಡಿದರೆ ಸಂದೇಶ ದಾರಿಯಲ್ಲಿ ಬದಲಾಗುತ್ತದೆ. ಬದಲಾದ ಸಂದೇಶಕ್ಕೆ ಬೆಲೆ ತೆರುವುದು ಅವನ ಹೃದಯ.

*

ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದೂ ತಪ್ಪು, ಪಡೆಯುವುದೂ ತಪ್ಪು. ವೈದ್ಯರಿಗೆ 2002ರ ನಿಯಮಾವಳಿ, ದಂತವೈದ್ಯರಿಗೆ 2014ರ ಪರಿಷ್ಕೃತ ನೀತಿಸಂಹಿತೆ ಇದನ್ನು ನಿಚ್ಚಳವಾಗಿ ಹೇಳಿವೆ. ಆದರೂ ಸ್ಕ್ಯಾನಿಂಗಿನ ಲಕೋಟೆ ನಡೆದಾಡುತ್ತದೆ. ಅದರೊಳಗಿನ ಹಣವನ್ನು ಕೊಟ್ಟವರು ಸ್ಕ್ಯಾನಿಂಗ್ ಸೆಂಟರಿನವರಲ್ಲ, ಒಳಗೆ ಮಲಗಿ ಉಸಿರು ಹಿಡಿದ ರೋಗಿ.

*

ಕಮಿಷನ್ನಿನ ಕೆಟ್ಟತನ ಹಣದಲ್ಲಿ ಮಾತ್ರವಿದ್ದಿದ್ದರೆ ಸಹಿಸಬಹುದಿತ್ತು. ಅದು ‘ಯಾರು ಚೆನ್ನಾಗಿ ನೋಡುತ್ತಾರೆ?’ ಎಂಬ ಪ್ರಶ್ನೆಯನ್ನು ‘ಯಾರು ಚೆನ್ನಾಗಿ ಕೊಡುತ್ತಾರೆ?’ ಎಂದು ತಿದ್ದುತ್ತದೆ.

*

ಔಷಧ ಕಂಪನಿಗಳ ಉಡುಗೊರೆ, ಪ್ರವಾಸ, ಆತಿಥ್ಯ ಸ್ವೀಕರಿಸಬಾರದೆಂದು ವೈದ್ಯರ ನಿಯಮಾವಳಿಯ 2009ರ ತಿದ್ದುಪಡಿ ಹೇಳಿತು. ಕಂಪನಿಗಳು ಆ ಖರ್ಚನ್ನು ವ್ಯಾಪಾರದ ವೆಚ್ಚವೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಉಡುಗೊರೆಯ ಬೆಲೆ ಕೊನೆಗೆ ಮಾತ್ರೆಯ ಬೆಲೆಯೊಳಗೇ ಸೇರುತ್ತದೆ ಎಂಬುದನ್ನು ಕೋರ್ಟೂ ಕಂಡಿತು. ಪೆನ್ನು ಪುಕ್ಕಟೆ ಬಂದರೆ ಅದು ಯಾವ ಹೆಸರನ್ನು ಹೆಚ್ಚು ಸಲ ಬರೆಯುತ್ತದೆ ಎಂದು ನೋಡುತ್ತಿರಬೇಕು.

*

ಔಷಧದ ಮೂಲ ಹೆಸರನ್ನು, ಓದಲು ಬರುವ ಅಕ್ಷರದಲ್ಲಿ ಬರೆಯಬೇಕು. ಅಕ್ಷರ ಕೆಟ್ಟದಿದ್ದರೆ ದೊಡ್ಡ ಡಾಕ್ಟರೆಂಬ ಹಳೆಯ ತಮಾಷೆಯಲ್ಲಿ ನಗುವವರು ಓದುಬಲ್ಲವರು ಮಾತ್ರ. ತಪ್ಪು ಮಾತ್ರೆ ನುಂಗಿದವನು ನಗುವುದಿಲ್ಲ.

*

‘ಇದನ್ನು ಮಾಡಿದ್ದು ಯಾರು?’ ಎಂದು ಹಿಂದಿನ ವೈದ್ಯನ ಫಿಲ್ಲಿಂಗ್ ನೋಡಿ ಮುಖ ಸಿಂಡರಿಸುವುದು ಬಾಯಿಮಾತಿನ ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಸಲಹೆಗೆ ಬಂದ ತಜ್ಞ ಕಳಿಸಿದ ವೈದ್ಯನನ್ನು ಟೀಕಿಸಬಾರದು, ರೋಗಿಯನ್ನು ತನ್ನ ಕಡೆಗೆ ಸೆಳೆದುಕೊಳ್ಳಲೂ ಬಾರದು.

*

ಆದರೆ ಸಹೋದ್ಯೋಗಿಯ ಗೌರವದ ಹೆಸರಿನಲ್ಲಿ ರೋಗಿಯಿಂದ ಸತ್ಯ ಬಚ್ಚಿಟ್ಟರೆ ಅದು ಸಂಘದ ನಿಷ್ಠೆಯಾದೀತು, ವೃತ್ತಿಯ ನಿಷ್ಠೆಯಾಗದು. ಹಿಂದೆ ಆದದ್ದನ್ನು ದೂಷಣೆ ಬೆರೆಸದೆ, ಇದ್ದದ್ದು ಇದ್ದಂತೆ ಹೇಳಲು ಬರುವುದೂ ಒಂದು ವಿದ್ಯೆ.

*

ಸಣ್ಣ ಊರಿನಲ್ಲಿ ಗುಟ್ಟು ಕಾಯುವುದು ದೊಡ್ಡ ಊರಿನಲ್ಲಿ ಕಾಯುವುದಕ್ಕಿಂತ ಕಷ್ಟ. ನರ್ಸು ಪಕ್ಕದ ಮನೆಯ ಹೆಣ್ಣು, ಲ್ಯಾಬಿನ ಹುಡುಗ ದೂರದ ನೆಂಟ, ರಿಸೆಪ್ಷನ್ನಿನಲ್ಲಿ ಕೂತವಳು ಗಂಡನ ತಂಗಿಯ ಗೆಳತಿ. ಮಕ್ಕಳಾಗದ ದಂಪತಿಯ ರಿಪೋರ್ಟು ಅವರು ಮನೆ ತಲುಪುವ ಮೊದಲೇ ಮನೆ ತಲುಪಬಲ್ಲದು. ತಜ್ಞ ತಾನು ಬಾಯಿ ಮುಚ್ಚಿಕೊಂಡರೆ ಸಾಲದು. ತನ್ನ ಕೈಕೆಳಗಿನವರಿಗೂ ಅದನ್ನು ಕಲಿಸಬೇಕು.

*

ರೋಗಿಯ ಮನೆಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದು, ಅಲ್ಲಿ ಮನಸ್ಸು, ಮಾತು, ಇಂದ್ರಿಯ ಎಲ್ಲವೂ ರೋಗಿಯ ಹಿತದಲ್ಲೇ ಇರಬೇಕು ಎಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಹೇಳುತ್ತಾನೆ. ಆಗ ವೈದ್ಯನ ಕೈಯಲ್ಲಿ ಫೋನ್ ಇರಲಿಲ್ಲ. ಈಗ ಇದೆ. ಗುರುತು ಸಿಗುವಂತೆ ರೋಗಿಯ ಚಿತ್ರವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬ ನಿಯಮ ವೈದ್ಯಕೀಯ ಪತ್ರಿಕೆಗಳನ್ನು ನೆನೆದು ಬರೆದದ್ದು. ವಾಟ್ಸಾಪ್ ಗುಂಪಿಗೆ ಅದರ ಅಗತ್ಯ ನೂರು ಪಾಲು ಹೆಚ್ಚು.

*

‘ನಮ್ಮೋರೇ ಅಲ್ದಾ’ ಎಂಬ ಮಾತು ಕ್ಲಿನಿಕ್ಕಿನ ಬಾಗಿಲು ಬೇಗ ತೆರೆಯುತ್ತದೆ. ಸಾಲಿನಲ್ಲಿ ಕೂತು ಕಾಯುತ್ತಿರುವವರೂ ಯಾರದೋ ನಮ್ಮವರೇ.

*

ಹೆದ್ದಾರಿಯಲ್ಲಿ ಬಿದ್ದವನನ್ನು ಎತ್ತಿ ತಂದಾಗ ಮೊದಲು ಪೊಲೀಸ್ ಬರಲಿ ಎನ್ನುವಂತಿಲ್ಲ. ಸರಕಾರಿಯಿರಲಿ, ಖಾಸಗಿಯಿರಲಿ, ಪ್ರತಿ ವೈದ್ಯನೂ ಜೀವ ಉಳಿಸಲು ಮೊದಲು ಕೈಹಾಕಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1989ರಲ್ಲಿ. ಆ ಹೊತ್ತಿಗೆ ಅವನು ಮೂಳೆಯ ತಜ್ಞನೋ ಚರ್ಮದ ತಜ್ಞನೋ ಎಂಬುದು ಎರಡನೆಯ ಮಾತು. ವಿಶೇಷ ಪದವಿ ಪಡೆದವನು ಎಂ.ಬಿ.ಬಿ.ಎಸ್. ಅನ್ನು ಹಿಂತಿರುಗಿಸಿ ಬಂದಿಲ್ಲವಷ್ಟೆ.

*

ಪ್ರಪಂಚದ ಅತ್ಯುತ್ತಮ ಕೈಯೂ ಒಮ್ಮೆ ತಪ್ಪುತ್ತದೆ. ತಪ್ಪಿದ ಮೇಲೆ ರೋಗಿಯ ಮಂಚದ ಬಳಿಗೆ ಹೋಗುತ್ತಾನೋ, ದಾಖಲೆಯ ಕಪಾಟಿನ ಬಳಿಗೆ ಹೋಗುತ್ತಾನೋ ಎಂಬುದರಲ್ಲಿ ಮನುಷ್ಯ ಗೊತ್ತಾಗುತ್ತಾನೆ.

*

ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾದಿಡಬೇಕು. ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿದ್ದವರು ಕೇಳಲು ಅಂಜುತ್ತಾರೆ. ಕೇಳಿದ ಮಾತ್ರಕ್ಕೆ ಮುಖ ಕೆಂಪಾಗಿಸುವ ಆಸ್ಪತ್ರೆ, ಕೇಳದವರ ಅಂಜಿಕೆ ಸರಿಯಾದದ್ದೇ ಎಂದು ಒಪ್ಪಿಕೊಂಡಂತೆ.

*

ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಎಲ್ಲ ತಪ್ಪೂ ಅಪರಾಧವಲ್ಲ, ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯವೇ ಬೇಕು ಎಂದು 2005ರಲ್ಲಿ ಅದೇ ಕೋರ್ಟು ಹೇಳಿತು. ಮೊದಲನೆಯದನ್ನು ರೋಗಿಗಳು, ಎರಡನೆಯದನ್ನು ವೈದ್ಯರು ಬಾಯಿಪಾಠ ಮಾಡಿದ್ದಾರೆ. ಒಬ್ಬರ ಪಾಠವನ್ನು ಇನ್ನೊಬ್ಬರು ಓದಿದ್ದರೆ ಅರ್ಧ ಜಗಳ ಹುಟ್ಟುತ್ತಿರಲಿಲ್ಲ.

*

2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರು ಬಾಗಿಲು ಹಾಕಿದರು. ತಿದ್ದುಪಡಿ ಸಡಿಲಗೊಂಡು ಬಂತು. ರೋಗಿಗಳ ಹಕ್ಕಿನ ಸನ್ನದು, ಜಿಲ್ಲೆಯಲ್ಲೇ ದೂರು ಕೇಳುವ ಪ್ರಾಧಿಕಾರ ಉಳಿದವು. ವೈದ್ಯರ ಆತಂಕದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಆದರೆ ದರಪಟ್ಟಿ ತೂಗುಹಾಕಿ ಎಂದು ಸರಕಾರ ಹೇಳುವ ತನಕ ಕಾದದ್ದೇಕೆ ಎಂಬ ಪ್ರಶ್ನೆ ಇನ್ನೂ ಗೋಡೆಯ ಮೇಲಿದೆ.

*

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. 1965ರಲ್ಲಿ ದಂತವೈದ್ಯ ಕಾಲೇಜು ಬಂತು. ಖಾಸಗಿ ಹಣದಿಂದ ವೈದ್ಯರನ್ನು ತಯಾರಿಸುವ ದಾರಿ ಇಲ್ಲಿ ತೆರೆಯಿತು. ಆ ದಾರಿಯಿಂದ ನಮ್ಮ ಮಗ್ಗುಲಿಗೇ ತಜ್ಞರು ಬಂದರು, ಇದು ಋಣ. ಅದೇ ದಾರಿಯಲ್ಲಿ ನಾಡಿನ ತುಂಬ ಸೀಟಿಗೆ ಬೆಲೆ ಕಟ್ಟಲಾಯಿತು. 1984ರಲ್ಲಿ ರಾಜ್ಯ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಕಾಯ್ದೆ ಮಾಡಬೇಕಾಯಿತು, 1992ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡಬೇಕಾಯಿತು. ಸೀಟಿಗೆ ಸುರಿದ ಹಣವನ್ನು ರೋಗಿಯಿಂದ ತುಂಬಿಕೊಳ್ಳುವುದು ಲೆಕ್ಕದಲ್ಲಿ ಸರಿ ಕಾಣಬಹುದು. ಆದರೆ ಆ ಸಾಲಪತ್ರಕ್ಕೆ ಹಟ್ಟಿಯಂಗಡಿಯ ಅಜ್ಜಿ ಜಾಮೀನು ಹಾಕಿರಲಿಲ್ಲ.

*

ಐದು ವರ್ಷಕ್ಕೆ ಕನಿಷ್ಠ 30 ಗಂಟೆ ವೈದ್ಯ ಹೊಸತನ್ನು ಕಲಿಯಬೇಕೆಂದು ನಿಯಮ. ತಿಂಗಳಿಗೆ ಅರ್ಧ ಗಂಟೆ. ಅದಕ್ಕೂ ಹಾಜರಿ ಹಾಕಿ ಹಿಂಬಾಗಿಲಿನಿಂದ ಊಟಕ್ಕೆ ಹೋಗುವವನನ್ನು ಏನೆನ್ನೋಣ?

*

ಹೊಸ ನಿಯಮಾವಳಿ 2023ರ ಆಗಸ್ಟ್ 2ರಂದು ಪ್ರಕಟವಾಯಿತು, ಅದೇ ತಿಂಗಳ 23ರಂದು ತಡೆಹಿಡಿಯಲ್ಪಟ್ಟಿತು. ಮತ್ತೆ 2002ರದ್ದೇ ಗತಿ. ನಿಯಮಗಳು ಬರುತ್ತವೆ, ನಿಲ್ಲುತ್ತವೆ. ತಡೆಯಾಜ್ಞೆ ಅನ್ವಯವಾಗದ ಒಂದು ನಿಯಮಾವಳಿಯನ್ನು ವೈದ್ಯ ತನ್ನೊಳಗೆ ಇಟ್ಟುಕೊಂಡಿರಬೇಕು.

*

‘ಬೇಡ’ ಎನ್ನಬಲ್ಲ ತಜ್ಞ ದೊಡ್ಡವನು. ಈ ಸ್ಕ್ಯಾನ್ ಬೇಡ, ಈ ಆಂಟಿಬಯಾಟಿಕ್ ಬೇಡ, ಈ ಹಲ್ಲು ಕೀಳುವುದು ಬೇಡ. ಇದಕ್ಕೆ ಫೀಸು ಕಡಿಮೆ, ವಿವರಿಸಲು ಹಿಡಿಯುವ ಹೊತ್ತು ಹೆಚ್ಚು.

*

ಗುಣವಾಗುವ ಆಸೆ ಮುಗಿದ ಮೇಲೂ ವೆಂಟಿಲೇಟರಿನ ಬಿಲ್ಲು ಏರುತ್ತಿರುತ್ತದೆ. ಘನತೆಯಿಂದ ಸಾಯುವುದೂ ಹಕ್ಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಮನೆಯವರೊಡನೆ ಕೂತು ‘ಇನ್ನು ನೋವಾಗದಂತೆ ನೋಡಿಕೊಳ್ಳೋಣ’ ಎನ್ನುವುದಕ್ಕೆ ಯಾವ ಯಂತ್ರವೂ ಬೇಡ. ಯಂತ್ರ ನಡೆಸಲು ಬೇಕಾದ್ದಕ್ಕಿಂತ ಹೆಚ್ಚು ಧೈರ್ಯ ಬೇಕು.

*

ವೈದ್ಯನ ಮೇಲೆ ಕೈಮಾಡುವುದಕ್ಕೆ ರಾಜ್ಯದಲ್ಲಿ 2009ರ ಕಾಯ್ದೆಯಡಿ ಶಿಕ್ಷೆಯಿದೆ. ಆಸ್ಪತ್ರೆಯ ಗಾಜು ಒಡೆದವರಿಂದ ಯಾರ ಜೀವವೂ ಮರಳಿಲ್ಲ. ಮರುದಿನ ಆ ವೈದ್ಯ ಕಷ್ಟದ ಕೇಸುಗಳನ್ನೆಲ್ಲ ಮುಂದಿನ ಊರಿಗೆ ಬರೆದುಕೊಡಲು ಶುರುಮಾಡುತ್ತಾನೆ. ಒಡೆದ ಗಾಜಿನ ನಿಜವಾದ ನಷ್ಟ ಅದು.

*

ರೋಗಿಗೂ ನೀತಿಯಿದೆ. ಕುಡಿಯುವುದನ್ನು ಮುಚ್ಚಿಟ್ಟು ಲಿವರಿನ ಡಾಕ್ಟರಿಗೆ, ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟು ಹಲ್ಲಿನ ಡಾಕ್ಟರಿಗೆ ತೋರಿಸುವವನು ತನ್ನ ತೀರ್ಪಿನ ಅರ್ಧ ಸಾಕ್ಷ್ಯವನ್ನು ತಾನೇ ಸುಟ್ಟಿದ್ದಾನೆ.

*

ಜಾಗತಿಕ ವೈದ್ಯರ ಜಿನೀವಾ ಪ್ರತಿಜ್ಞೆ ಹುಟ್ಟಿದ್ದು 1948ರಲ್ಲಿ. 2017ರಲ್ಲಿ ಅದಕ್ಕೆ ಸೇರಿದ ಒಂದು ಮಾತು, ವೈದ್ಯ ತನ್ನ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬುದು. ಸೇರಿಸಲು 69 ವರ್ಷ ಬೇಕಾಯಿತು. ದಿನಕ್ಕೆ ನೂರು ರೋಗಿಗಳನ್ನು ನೋಡುವವನನ್ನು ಹೊಗಳುವ ಮೊದಲು ನೂರನೆಯವನಿಗೆ ಏನು ಸಿಕ್ಕಿತೆಂದು ಕೇಳಬೇಕು.

*

ಒಳ್ಳೆಯ ಹೆಸರು ಮೊದಲ ಹತ್ತು ವರ್ಷ ವೈದ್ಯನನ್ನು ಕಾಯುತ್ತದೆ. ಆಮೇಲೆ ಅವನು ಅದನ್ನು ಕಾಯಬೇಕು, ಅದರಿಂದ ತನ್ನನ್ನೂ ಕಾಯ್ದುಕೊಳ್ಳಬೇಕು. ಹೆಸರಾದವನನ್ನು ಪ್ರಶ್ನಿಸಲು ಯಾರೂ ಮುಂದೆ ಬರುವುದಿಲ್ಲ.

*

ತಜ್ಞ ತನಗೆ ತಾನೇ ಹಾಕಿಕೊಳ್ಳಬಹುದಾದ ಅಳತೆಗೋಲು ಒಂದಿದೆ. ಎದುರು ಕೂತ ರೋಗಿ ನನ್ನಷ್ಟೇ ಓದಿದ್ದರೆ, ನನ್ನದೇ ವಿಭಾಗದಲ್ಲಿ ಪದವಿ ಪಡೆದಿದ್ದರೆ, ಈಗ ಬರೆದ ಈ ಪರೀಕ್ಷೆಯನ್ನೇ ಬರೆಯುತ್ತಿದ್ದೆನೇ? ಇದೇ ಆಪರೇಶನ್ ಹೇಳುತ್ತಿದ್ದೆನೇ? ಇದೇ ಮೊತ್ತ ಕೇಳುತ್ತಿದ್ದೆನೇ? ಮೂರಕ್ಕೂ ಹೌದೆನ್ನುವ ಉತ್ತರ ಬಂದರೆ ಮುಂದಿನ ಟೋಕನ್ ಕರೆಯಬಹುದು.